ವಂಶದಿಂದ ಬರುವ ಕಾಯಿಲೆ ಯಾವುದು, ಬಾರದಿರುವುದು ಯಾವುದು? ವಂಶವಾಹಿ, ವರ್ಣತಂತುಗಳ ಪೂರ್ಣ ವಿವರ ಇಲ್ಲಿದೆ

'ಸಕ್ಕರೆ ಕಾಯಿಲೆ ನಮ್ಮ ವಂಶದಲ್ಲೇ ಇದೆ, ತಪ್ಪಿಸಿಕೊಳ್ಳೋಕೆ ಆಗಲ್ಲ' ಎನ್ನುವವರು ಬಹುತೇಕ ಎಲ್ಲ ಮನೆಗಳಲ್ಲೂ ಸಿಗುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದರೆ 'ಇದು ತಾಯಿ ಕಡೆಯಿಂದ ಬಂದದ್ದು' ಎಂಬ ಮಾತು ಬಾಣಂತಿಯ ಕಿವಿಗೇ ಬೀಳುತ್ತದೆ. ಮದುವೆಗೆ ಮುನ್ನ ಥಲಸ್ಸೇಮಿಯಾ ಪರೀಕ್ಷೆ ಮಾಡಿಸಿ ಎಂದರೆ 'ಎರಡೂ ಮನೆಯಲ್ಲಿ ಯಾರಿಗೂ ಆ ಕಾಯಿಲೆ ಇಲ್ಲ, ಪರೀಕ್ಷೆ ಯಾಕೆ?' ಎಂಬ ಉತ್ತರ ಬರುತ್ತದೆ.

ಈ ಮೂರೂ ಮಾತು ತಪ್ಪು. ಮೊದಲನೆಯದು ಬಹುಮಟ್ಟಿಗೆ ತಡೆಯಬಹುದಾದ ಕಾಯಿಲೆಯನ್ನು ಹಣೆಬರಹವೆಂದು ಒಪ್ಪಿಕೊಳ್ಳುತ್ತದೆ. ಎರಡನೆಯದು ತಪ್ಪನ್ನೇ ಮಾಡದವರ ಮೇಲೆ ದೋಷ ಹೊರಿಸುತ್ತದೆ. ಮೂರನೆಯದು ಒಂದು ರಕ್ತ ಪರೀಕ್ಷೆಯಿಂದ ಮೊದಲೇ ತಿಳಿಯಬಹುದಾದ ಅಪಾಯವನ್ನು ಕಣ್ಣಿಂದ ಮರೆಮಾಡುತ್ತದೆ.

'ವಂಶವಾಹಿಗೆ ಸಂಬಂಧಿಸಿದ ಕಾಯಿಲೆ' ಎಂದರೆ 'ವಂಶದಿಂದ ಬಂದ ಕಾಯಿಲೆ' ಎಂದೇ ಅರ್ಥ ಎಂಬ ನಂಬಿಕೆ ಇಂಥ ಮಾತುಗಳ ಹಿಂದಿದೆ. ವೈದ್ಯಕೀಯದಲ್ಲಿ ಇವೆರಡೂ ಬೇರೆ. ವಂಶವಾಹಿಯಲ್ಲಿ ದೋಷವಿದ್ದರೂ ಅದು ಹೆತ್ತವರಿಂದ ಬಂದಿರಬೇಕೆಂದಿಲ್ಲ. ಹೆತ್ತವರಿಂದ ಬಂದಿದ್ದರೂ ಅದು ಕಾಯಿಲೆಯಾಗಿಯೇ ತೀರಬೇಕೆಂದೂ ಇಲ್ಲ.

46 ವರ್ಣತಂತುಗಳ ಲೆಕ್ಕ

ಮನುಷ್ಯನ ಬಹುತೇಕ ಎಲ್ಲ ಜೀವಕೋಶಗಳಲ್ಲೂ 46 ವರ್ಣತಂತುಗಳು, ಅಂದರೆ ಕ್ರೋಮೋಸೋಮ್‌ಗಳು ಇರುತ್ತವೆ. ಇವು 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಇನ್ನೊಂದು ತಂದೆಯದು. 22 ಜೋಡಿಗಳು ಹೆಣ್ಣು-ಗಂಡು ಇಬ್ಬರಲ್ಲೂ ಒಂದೇ ರೀತಿ. 23ನೇ ಜೋಡಿ ಮಾತ್ರ ಹೆಣ್ಣಿನಲ್ಲಿ 'ಎಕ್ಸ್-ಎಕ್ಸ್', ಗಂಡಿನಲ್ಲಿ 'ಎಕ್ಸ್-ವೈ'. ಈ ತಂತುಗಳ ಮೇಲೆ ಪ್ರೋಟೀನ್ ತಯಾರಿಕೆಯ ಸೂಚನೆಗಳಿರುವ ಸುಮಾರು 20 ಸಾವಿರ ವಂಶವಾಹಿಗಳು, ಅಂದರೆ ಜೀನ್‌ಗಳು ಇವೆ.

ಈ ಸಂಖ್ಯೆ ಖಚಿತವಾಗಿದ್ದು 1956ರಲ್ಲಿ. ಅಲ್ಲಿಯವರೆಗೆ ಮನುಷ್ಯನಲ್ಲಿ 48 ವರ್ಣತಂತುಗಳಿವೆ ಎಂದೇ ವಿಜ್ಞಾನಿಗಳು ನಂಬಿದ್ದರು. ಮೂರೇ ವರ್ಷಗಳಲ್ಲಿ, 1959ರಲ್ಲಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ವರ್ಣತಂತುಗಳಿರುವುದನ್ನು ಫ್ರಾನ್ಸ್‌ನ ಸಂಶೋಧಕರು ಪ್ರಕಟಿಸಿದರು.

ವಂಶವಾಹಿಗೆ ಸಂಬಂಧಿಸಿದ ತೊಂದರೆಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ನೋಡಬಹುದು:

* ವರ್ಣತಂತು ದೋಷ: ಇಡೀ ವರ್ಣತಂತು ಅಥವಾ ಅದರ ದೊಡ್ಡ ತುಣುಕು ಹೆಚ್ಚಾಗಿರುತ್ತದೆ, ಇಲ್ಲವೇ ಕಡಿಮೆಯಾಗಿರುತ್ತದೆ. ಉದಾಹರಣೆ: ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್. ಬಹುಪಾಲು ಪ್ರಕರಣಗಳು ವಂಶದಿಂದ ಬಂದವಲ್ಲ.
* ಒಂದೇ ವಂಶವಾಹಿಯ ದೋಷ: ಒಂದು ಜೀನ್‌ನಲ್ಲಿ ತಪ್ಪಿರುತ್ತದೆ. ಉದಾಹರಣೆ: ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ. ಇವು ನಿಯಮಬದ್ಧವಾಗಿ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತವೆ.
* ಸಂಕೀರ್ಣ ಕಾಯಿಲೆ: ನೂರಾರು ಜೀನ್‌ಗಳ ಸಣ್ಣ ಸಣ್ಣ ಪ್ರಭಾವದ ಜೊತೆಗೆ ಆಹಾರ, ತೂಕ, ತಂಬಾಕು, ದುಡಿಮೆ, ವಯಸ್ಸು ಎಲ್ಲ ಸೇರುತ್ತವೆ. ಉದಾಹರಣೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ. ಇಲ್ಲಿ ವಂಶದಿಂದ ಬರುವುದು ಒಲವು ಮಾತ್ರ, ಕಾಯಿಲೆ ಅಲ್ಲ.

ಡೌನ್ ಸಿಂಡ್ರೋಮ್: ಆಗುವುದೇನು?

ಬ್ರಿಟಿಷ್ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದ ಕಾರಣ ಈ ಹೆಸರು ಬಂದಿದೆ. 21ನೇ ವರ್ಣತಂತು ಎರಡರ ಬದಲು ಮೂರು ಇರುವುದೇ ಇದಕ್ಕೆ ಕಾರಣ. ಪ್ರತಿ ವರ್ಷ ಮಾರ್ಚ್ 21ರಂದು ವಿಶ್ವ ಡೌನ್ ಸಿಂಡ್ರೋಮ್ ದಿನ ಆಚರಿಸುವುದು ಇದೇ ಲೆಕ್ಕದಲ್ಲಿ: 21ನೇ ತಂತು, ಮೂರು ಪ್ರತಿ.

ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ 23 ಜೋಡಿಗಳೂ ಬೇರ್ಪಟ್ಟು, ಪ್ರತಿ ಜೋಡಿಯಿಂದ ಒಂದೊಂದೇ ತಂತು ಒಂದು ಕೋಶಕ್ಕೆ ಹೋಗಬೇಕು. ಕೆಲವೊಮ್ಮೆ 21ನೇ ಜೋಡಿ ಬೇರ್ಪಡದೆ ಎರಡೂ ಒಂದೇ ಅಂಡಾಣುವಿಗೆ ಸೇರುತ್ತವೆ. ಅದಕ್ಕೆ ತಂದೆಯ ಒಂದು ತಂತು ಸೇರಿದಾಗ ಮೂರಾಗುತ್ತದೆ. ಡೌನ್ ಸಿಂಡ್ರೋಮ್ ಪ್ರಕರಣಗಳಲ್ಲಿ ಸುಮಾರು ಶೇ.95 ಈ ಬಗೆಯವು. ಇಲ್ಲಿ ತಾಯಿಯ ವರ್ಣತಂತುಗಳೂ ಸರಿ, ತಂದೆಯವೂ ಸರಿ. ಒಂದು ಕೋಶ ವಿಭಜನೆಯಲ್ಲಿ ಆಕಸ್ಮಿಕವಾಗಿ ಆದ ತಪ್ಪು ಅಷ್ಟೇ. ಹಾಗಾಗಿ ಇದು ವಂಶವಾಹಿಗೆ ಸಂಬಂಧಿಸಿದ್ದು ಹೌದು, ಆದರೆ ವಂಶದಿಂದ ಬಂದದ್ದಲ್ಲ.

ಗರ್ಭಿಣಿ ತಿಂದ ಆಹಾರ, ಗ್ರಹಣದ ದಿನ ಹೊರಗೆ ಬಂದದ್ದು, ಮನೆಗೆಲಸ, ಮಾನಸಿಕ ಒತ್ತಡ ಇವ್ಯಾವುವೂ ಇದಕ್ಕೆ ಕಾರಣವಲ್ಲ. ತಪ್ಪು ನಡೆಯುವುದು ಮಗುವಿನ ಮೊದಲ ಕೋಶ ರೂಪುಗೊಳ್ಳುವ ಹೊತ್ತಿಗೇ. ಅಂದರೆ ಗರ್ಭ ನಿಂತಿದೆ ಎಂದು ತಾಯಿಗೆ ಗೊತ್ತಾಗುವ ಮೊದಲೇ.

ತಾಯಿಯ ವಯಸ್ಸಿನ ಪಾತ್ರ

ಗಂಡಸಿನಲ್ಲಿ ವೀರ್ಯಾಣು ನಿರಂತರವಾಗಿ ಹೊಸದಾಗಿ ತಯಾರಾಗುತ್ತದೆ. ಹೆಣ್ಣಿನಲ್ಲಿ ಹಾಗಲ್ಲ. ಆಕೆ ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ಅಂಡಾಣುಗಳ ತಯಾರಿ ಶುರುವಾಗಿ ಅರ್ಧದಲ್ಲಿ ನಿಲ್ಲುತ್ತದೆ. ಋತುಚಕ್ರದಲ್ಲಿ ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಆ ವಿಭಜನೆ ಮುಂದುವರಿಯುತ್ತದೆ. 40 ವರ್ಷದ ಮಹಿಳೆಯ ಅಂಡಾಣು ನಾಲ್ಕು ದಶಕಗಳ ಕಾಲ ಅರ್ಧಕ್ಕೆ ನಿಂತಿರುತ್ತದೆ. ಕಾಲ ಕಳೆದಂತೆ ತಂತುಗಳನ್ನು ಹಿಡಿದಿಡುವ ವ್ಯವಸ್ಥೆ ಸಡಿಲಗೊಳ್ಳುತ್ತದೆ, ತಪ್ಪಿನ ಸಾಧ್ಯತೆ ಹೆಚ್ಚುತ್ತದೆ.

ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ, ತಾಯಿಯ ವಯಸ್ಸಿನ ಪ್ರಕಾರ, ಸರಿಸುಮಾರು ಹೀಗಿದೆ:

* 25 ವರ್ಷ: 1,250ರಲ್ಲಿ 1
* 30 ವರ್ಷ: 1,000ದಲ್ಲಿ 1
* 35 ವರ್ಷ: 350ರಿಂದ 400ರಲ್ಲಿ 1
* 40 ವರ್ಷ: 100ರಲ್ಲಿ 1
* 45 ವರ್ಷ: 30ರಲ್ಲಿ 1

ಇದನ್ನು ತಿರುಗಿಸಿ ಓದಿದರೆ, 40ನೇ ವಯಸ್ಸಿನಲ್ಲೂ 100ರಲ್ಲಿ 99 ಗರ್ಭಗಳಲ್ಲಿ ಈ ತೊಂದರೆ ಇರುವುದಿಲ್ಲ. ಇನ್ನೊಂದು ಕಡೆ, ಹೆಚ್ಚು ಹೆರಿಗೆಗಳಾಗುವುದು 35 ವರ್ಷದೊಳಗಿನವರಲ್ಲಿ. ಆದ್ದರಿಂದ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು ಚಿಕ್ಕ ವಯಸ್ಸಿನವರೇ ಆಗಿರುತ್ತಾರೆ. 'ವಯಸ್ಸು ಚಿಕ್ಕದು, ಪರೀಕ್ಷೆ ಬೇಡ' ಎನ್ನುವ ಲೆಕ್ಕ ಸರಿಯಲ್ಲ.

ಮುಂದಿನ ಮಗುವಿಗೂ ಬರುತ್ತದೆಯೇ?

ಇದು ಪ್ರತಿ ದಂಪತಿಯ ಮೊದಲ ಪ್ರಶ್ನೆ. ಉತ್ತರ ಮಗುವಿನ ಕ್ಯಾರಿಯೋಟೈಪ್ ವರದಿಯಲ್ಲಿದೆ. ರಕ್ತದಿಂದ ವರ್ಣತಂತುಗಳನ್ನು ಬೇರ್ಪಡಿಸಿ ಎಣಿಸಿ, ಜೋಡಿಸಿ ನೋಡುವ ಪರೀಕ್ಷೆ ಇದು. 'ನೋಡಿದರೇ ಗೊತ್ತಾಗುತ್ತದಲ್ಲ, ಪರೀಕ್ಷೆ ಏಕೆ' ಎಂದು ಕೆಲವರು ಬಿಟ್ಟುಬಿಡುತ್ತಾರೆ. ಆದರೆ ಮುಂದಿನ ಗರ್ಭದ ಲೆಕ್ಕ ಸಿಗುವುದು ಇದರಿಂದಲೇ.

ಮೂರೂ ತಂತುಗಳು ಬಿಡಿಬಿಡಿಯಾಗಿದ್ದರೆ ಅದು ಆಕಸ್ಮಿಕ. ಮತ್ತೆ ಆಗುವ ಸಾಧ್ಯತೆ ಸುಮಾರು ಶೇ.1, ಇಲ್ಲವೇ ತಾಯಿಯ ವಯಸ್ಸಿಗೆ ತಕ್ಕಷ್ಟು, ಯಾವುದು ಹೆಚ್ಚೋ ಅದು. ಶೇ.1ರಿಂದ 2 ಮಕ್ಕಳಲ್ಲಿ ಕೆಲವು ಕೋಶಗಳಲ್ಲಿ ಮಾತ್ರ ಹೆಚ್ಚುವರಿ ತಂತು ಇರುತ್ತದೆ. ಇದಕ್ಕೆ ಮೊಸಾಯಿಕ್ ಎನ್ನುತ್ತಾರೆ. ಇದೂ ವಂಶದಿಂದ ಬಂದದ್ದಲ್ಲ.

ಗಮನಿಸಬೇಕಾದದ್ದು ಉಳಿದ ಶೇ.3ರಿಂದ 4. ಇಲ್ಲಿ ಹೆಚ್ಚುವರಿ 21ನೇ ತಂತು ಬೇರೊಂದು ತಂತುವಿಗೆ, ಸಾಮಾನ್ಯವಾಗಿ 14ನೆಯದಕ್ಕೆ, ಅಂಟಿಕೊಂಡಿರುತ್ತದೆ. ಇದು ಸ್ಥಾನಾಂತರ, ವೈದ್ಯರ ಭಾಷೆಯಲ್ಲಿ ಟ್ರಾನ್ಸ್‌ಲೊಕೇಶನ್. ಇಂಥ ಪ್ರಕರಣಗಳಲ್ಲಿ ಒಂದು ಭಾಗ ಮಾತ್ರ ಹೆತ್ತವರಿಂದ ಬಂದಿರುತ್ತದೆ. ಹಾಗೆ ಬಂದಿದ್ದರೆ ಆ ತಂದೆ ಅಥವಾ ತಾಯಿ ಪೂರ್ಣ ಆರೋಗ್ಯವಂತರು. ಒಟ್ಟು ವಂಶವಾಹಿ ಸಾಮಗ್ರಿ ಅವರಲ್ಲಿ ಸರಿಯಾಗಿಯೇ ಇರುತ್ತದೆ, ಇಟ್ಟ ಜಾಗ ಮಾತ್ರ ಬದಲಾಗಿರುತ್ತದೆ. ತಾಯಿ ಇದರ ವಾಹಕಿಯಾದರೆ ಮುಂದಿನ ಮಗುವಿಗೆ ಸಾಧ್ಯತೆ ಶೇ.10ರಿಂದ 15. ತಂದೆಯಾದರೆ ಅದಕ್ಕಿಂತ ತೀರಾ ಕಡಿಮೆ. ಎರಡು 21ನೇ ತಂತುಗಳೇ ಒಂದಕ್ಕೊಂದು ಅಂಟಿಕೊಂಡಿರುವ ಅಪರೂಪದ ಸ್ಥಿತಿ ಹೆತ್ತವರಲ್ಲಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಡೌನ್ ಸಿಂಡ್ರೋಮ್ ಇರುತ್ತದೆ. ಹೀಗಾಗಿ ಒಂದೇ ಹೆಸರಿನ ಸ್ಥಿತಿಯಲ್ಲಿ ಮರುಕಳಿಸುವ ಸಾಧ್ಯತೆ ಶೇ.1 ಆಗಿರಬಹುದು, ಶೇ.100 ಕೂಡ ಆಗಿರಬಹುದು. ವರದಿ ನೋಡದೆ ಯಾರೂ ಹೇಳಲಾಗದು.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಥೈರಾಯ್ಡ್, ಕಿವಿ, ಕಣ್ಣಿನ ಸಮಸ್ಯೆಗಳೂ ಹೆಚ್ಚು. ಹುಟ್ಟಿದ ಕೂಡಲೇ ಎಕೋ ಪರೀಕ್ಷೆ ಮಾಡಿಸಿ, ಬೇಕಾದರೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮಗುವಿನ ಆಯಸ್ಸೇ ಬದಲಾಗುತ್ತದೆ. ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಇವರ ಸರಾಸರಿ ಆಯಸ್ಸು ಇಂದು 60ರ ಆಸುಪಾಸಿನಲ್ಲಿದೆ.

ಗರ್ಭಪಾತ, ಬಂಜೆತನದ ಹಿಂದೆಯೂ ವರ್ಣತಂತು

ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ಸಂಖ್ಯೆಯ ದೋಷವೇ ಕಾರಣ. ಒಮ್ಮೆ ಹೀಗಾದರೆ ಅದು ಬಹುತೇಕ ಆಕಸ್ಮಿಕ. ಗರ್ಭಪಾತ ಮರುಕಳಿಸಿದರೆ ಗಂಡ-ಹೆಂಡತಿ ಇಬ್ಬರ ಕ್ಯಾರಿಯೋಟೈಪ್ ಪರೀಕ್ಷೆಯನ್ನು ವೈದ್ಯರು ಸೂಚಿಸುತ್ತಾರೆ. ಇಬ್ಬರಲ್ಲಿ ಒಬ್ಬರು ಸ್ಥಾನಾಂತರದ ವಾಹಕರಾಗಿರಬಹುದು.

ಟರ್ನರ್ ಸಿಂಡ್ರೋಮ್‌ನಲ್ಲಿ ಹೆಣ್ಣುಮಗುವಿಗೆ ಒಂದೇ ಎಕ್ಸ್ ತಂತು ಪೂರ್ಣವಾಗಿರುತ್ತದೆ. ಸುಮಾರು 2,000ರಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇದು ಕಂಡುಬರುತ್ತದೆ. ಎತ್ತರ ಕಡಿಮೆ, ಮುಟ್ಟು ಶುರುವಾಗದಿರುವುದು ಮುಖ್ಯ ಲಕ್ಷಣಗಳು. ಬುದ್ಧಿಶಕ್ತಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಬೇಗ ಪತ್ತೆಯಾದರೆ ಹಾರ್ಮೋನ್ ಚಿಕಿತ್ಸೆಯಿಂದ ಬೆಳವಣಿಗೆಗೆ ನೆರವಾಗಬಹುದು. ಕ್ಲೈನ್‌ಫೆಲ್ಟರ್ ಸಿಂಡ್ರೋಮ್‌ನಲ್ಲಿ ಗಂಡಿಗೆ ಒಂದು ಎಕ್ಸ್ ತಂತು ಹೆಚ್ಚಿರುತ್ತದೆ. ಸುಮಾರು 500ರಿಂದ 1,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದಿದ್ದರೂ ಅನೇಕರಿಗೆ ಗೊತ್ತಾಗುವುದು ಮದುವೆಯಾಗಿ ಮಕ್ಕಳಾಗದೆ ಪರೀಕ್ಷೆಗೆ ಹೋದಾಗ. ಮಕ್ಕಳಾಗದಿದ್ದರೆ ಹೆಂಡತಿಯನ್ನು ಮಾತ್ರ ಪರೀಕ್ಷೆಗೆ ಕಳಿಸುವ ಮನೆಗಳಲ್ಲಿ ಇದು ಪತ್ತೆಯಾಗದೆ ವರ್ಷಗಳೇ ಕಳೆಯುತ್ತವೆ.

ಥಲಸ್ಸೇಮಿಯಾ: ಮನೆತನದಲ್ಲಿ ಇಲ್ಲದಿದ್ದರೂ ಬರುವ ಕಾಯಿಲೆ

ವರ್ಣತಂತು ದೋಷ ಬಹುತೇಕ ಆಕಸ್ಮಿಕವಾದರೆ, ಒಂದೇ ಜೀನ್‌ನ ಕಾಯಿಲೆಗಳು ಇದಕ್ಕೆ ತದ್ವಿರುದ್ಧ. ಪ್ರತಿ ಜೀನ್‌ಗೂ ಎರಡು ಪ್ರತಿಗಳಿವೆ. ಥಲಸ್ಸೇಮಿಯಾದಲ್ಲಿ ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಅಂಥವರು ವಾಹಕರು. ಅವರು ಆರೋಗ್ಯವಾಗಿಯೇ ಇರುತ್ತಾರೆ. ಭಾರತದಲ್ಲಿ ಶೇ.3ರಿಂದ 4 ಮಂದಿ ಬೀಟಾ ಥಲಸ್ಸೇಮಿಯಾ ವಾಹಕರೆಂಬ ಅಂದಾಜಿದೆ. ಸಿಂಧಿ, ಪಂಜಾಬಿ, ಗುಜರಾತಿ, ಬಂಗಾಳಿ ಸಮುದಾಯಗಳಲ್ಲಿ ಪ್ರಮಾಣ ಹೆಚ್ಚು. ಆದರೆ ಯಾವ ಸಮುದಾಯವೂ ಇದಕ್ಕೆ ಹೊರತಲ್ಲ.

ಇಬ್ಬರು ವಾಹಕರು ಮದುವೆಯಾದಾಗ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ.25, ವಾಹಕ ಮಾತ್ರ ಆಗುವ ಸಾಧ್ಯತೆ ಶೇ.50, ಏನೂ ಇಲ್ಲದಿರುವ ಸಾಧ್ಯತೆ ಶೇ.25. 'ಪ್ರತಿ ಗರ್ಭದಲ್ಲೂ' ಎಂಬುದನ್ನು ಒತ್ತಿ ಹೇಳಬೇಕು. ನಾಲ್ವರಲ್ಲಿ ಒಬ್ಬರಿಗೆ ಎಂದರೆ, ಮೊದಲ ಮಗುವಿಗೆ ಬಂದ ಮೇಲೆ ಮುಂದಿನ ಮೂವರು ಸುರಕ್ಷಿತ ಎಂದು ಅರ್ಥವಲ್ಲ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಕಾಯಿಲೆ ಇರುವ ಮಗುವಿಗೆ ಜೀವನಪೂರ್ತಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಹಾಕಿಸಬೇಕು. ಮೈಯಲ್ಲಿ ಸೇರುವ ಕಬ್ಬಿಣಾಂಶವನ್ನು ತೆಗೆಯಲು ಔಷಧ ಕೊಡಬೇಕು. ಅಸ್ಥಿಮಜ್ಜೆ ಕಸಿಯಿಂದ ಗುಣಪಡಿಸಬಹುದು. ಆದರೆ ಹೊಂದುವ ದಾನಿಯೂ, ಹಣವೂ ಬೇಕು. ಇಷ್ಟನ್ನೂ ತಪ್ಪಿಸಲು ಬೇಕಾಗಿದ್ದು ಹೀಮೋಗ್ಲೋಬಿನ್ ಎ-2 ಪ್ರಮಾಣ ತೋರಿಸುವ ಎಚ್‌ಪಿಎಲ್‌ಸಿ ಎಂಬ ಒಂದು ರಕ್ತ ಪರೀಕ್ಷೆ. ವಾಹಕರ ರಕ್ತ ವರದಿ ಕಬ್ಬಿಣದ ಕೊರತೆಯಂತೆಯೇ ಕಾಣುವುದರಿಂದ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹೀಮೋಗ್ಲೋಬಿನ್ ಏರದವರು ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಒಬ್ಬರು ವಾಹಕರೆಂದು ತಿಳಿದರೆ ಮದುವೆ ಮುರಿಯಬೇಕಿಲ್ಲ. ಸಂಗಾತಿ ವಾಹಕರಲ್ಲದಿದ್ದರೆ ಮಕ್ಕಳಿಗೆ ಈ ಕಾಯಿಲೆ ಬರುವ ಭಯವಿಲ್ಲ. ಇಬ್ಬರೂ ವಾಹಕರಾದರೂ ಗರ್ಭದಲ್ಲೇ ಪರೀಕ್ಷಿಸುವ ದಾರಿ ಇದೆ.

ಸಿಕಲ್ ಸೆಲ್ ಕಾಯಿಲೆಯೂ ಇದೇ ನಿಯಮದಂತೆ ಸಾಗುತ್ತದೆ. ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್, ಛತ್ತೀಸ್‌ಗಢದ ಬುಡಕಟ್ಟುಗಳಲ್ಲಿ, ಕರ್ನಾಟಕದಲ್ಲಿ ಸೋಲಿಗರು, ಜೇನುಕುರುಬರು ಮುಂತಾದ ಸಮುದಾಯಗಳಲ್ಲಿ ಇದಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಅಭಿಯಾನ 2047ರೊಳಗೆ ಇದನ್ನು ನಿರ್ಮೂಲನೆ ಮಾಡುವ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ನಡೆಸುವ ಗುರಿ ಹೊಂದಿದೆ.

ಹಿಮೋಫಿಲಿಯಾ, ಡುಶೇನ್ ಸ್ನಾಯುಕ್ಷಯದ ಜೀನ್ ಎಕ್ಸ್ ತಂತುವಿನ ಮೇಲಿದೆ. ತಾಯಿ ವಾಹಕಿಯಾದರೆ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ.50. ಆದರೆ ಸುಮಾರು ಮೂರನೇ ಒಂದು ಭಾಗ ಪ್ರಕರಣಗಳಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತದೆ, ತಾಯಿ ವಾಹಕಿಯೇ ಆಗಿರುವುದಿಲ್ಲ. ಇಲ್ಲೂ ಪರೀಕ್ಷೆಗೆ ಮೊದಲೇ ದೂಷಿಸುವುದು ತಪ್ಪು.

ಸಂಬಂಧದಲ್ಲೇ ಮದುವೆ: ಎಷ್ಟು ಅಪಾಯ?

ಸೋದರಮಾವ-ಸೊಸೆ, ಅತ್ತೆ-ಮಾವನ ಮಕ್ಕಳ ನಡುವಿನ ಮದುವೆ ದಕ್ಷಿಣದ ಅನೇಕ ಸಮುದಾಯಗಳಲ್ಲಿ ರೂಢಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ದೇಶದ ಸರಾಸರಿ ಇದರ ಅರ್ಧಕ್ಕಿಂತಲೂ ಕಡಿಮೆ.

ಅತ್ತೆ-ಮಾವನ ಮಕ್ಕಳು ತಮ್ಮ ಜೀನ್‌ಗಳಲ್ಲಿ ಸರಾಸರಿ ಎಂಟನೇ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಸೋದರಮಾವ-ಸೊಸೆ ನಾಲ್ಕನೇ ಒಂದು ಭಾಗ. ಅಜ್ಜ ಅಥವಾ ಅಜ್ಜಿಯಲ್ಲಿ ಅಡಗಿದ್ದ ಒಂದೇ ಕೆಟ್ಟ ಪ್ರತಿ ಎರಡೂ ಕವಲಿನಿಂದ ಬಂದು ಮಗುವಿನಲ್ಲಿ ಜೋಡಿಯಾಗುವ ಅವಕಾಶ ಇದರಿಂದ ಹೆಚ್ಚುತ್ತದೆ. ಸಾಮಾನ್ಯ ದಂಪತಿಗಳ ಮಕ್ಕಳಲ್ಲಿ ಗಂಭೀರ ಜನ್ಮಜಾತ ತೊಂದರೆಯ ಸಾಧ್ಯತೆ ಶೇ.2ರಿಂದ 3 ಇದ್ದರೆ, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ಶೇ.4ರಿಂದ 6. ಅಂದರೆ ಅಪಾಯ ಸುಮಾರು ಎರಡು ಪಟ್ಟು. ಹಾಗಿದ್ದೂ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಈ ಕಾರಣಕ್ಕೇ 'ನಮ್ಮ ಅಜ್ಜ-ಅಜ್ಜಿ ಸಂಬಂಧದಲ್ಲೇ ಮದುವೆಯಾದವರು, ಏನಾಯ್ತು?' ಎಂಬ ಪ್ರಶ್ನೆ ಬರುತ್ತದೆ. ಮನೆಯಲ್ಲಿ ಈಗಾಗಲೇ ಕಿವುಡುತನ, ಬುದ್ಧಿ ಬೆಳವಣಿಗೆಯ ತೊಂದರೆ, ಕಾರಣ ತಿಳಿಯದ ಶಿಶುಮರಣ ಇದ್ದರೆ ಅಪಾಯ ಇನ್ನೂ ಹೆಚ್ಚು. ಅಂಥ ಮನೆಯವರು ಮದುವೆ ನಿಶ್ಚಯಕ್ಕೆ ಮುನ್ನ ವಂಶವಾಹಿ ತಜ್ಞರ ಸಲಹೆ ಪಡೆಯಬೇಕು.

ಸಕ್ಕರೆ ಕಾಯಿಲೆ, ಹೃದ್ರೋಗ: ವಂಶದ ಪಾಲು ಎಷ್ಟು?

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ತಂದೆ-ತಾಯಿಯಲ್ಲಿ ಒಬ್ಬರಿಗೆ ಟೈಪ್-2 ಸಕ್ಕರೆ ಕಾಯಿಲೆ ಇದ್ದರೆ ಮಕ್ಕಳಿಗೆ ಜೀವಿತಾವಧಿಯಲ್ಲಿ ಅದು ಬರುವ ಸಾಧ್ಯತೆ ಸುಮಾರು ಶೇ.40, ಇಬ್ಬರಿಗೂ ಇದ್ದರೆ ಸುಮಾರು ಶೇ.70 ಎಂಬುದು ಸಾಮಾನ್ಯ ಲೆಕ್ಕ.

ಆದರೆ ಈ ಅಂಕಿಯೆಲ್ಲ ಜೀನ್‌ನದಲ್ಲ. ಹೆತ್ತವರಿಂದ ಮಕ್ಕಳಿಗೆ ಅಡುಗೆ, ಊಟದ ಹೊತ್ತು, ಕೂತು ಮಾಡುವ ಕೆಲಸ, ನಡೆಯದ ಅಭ್ಯಾಸವೂ ದಾಟುತ್ತವೆ. ಟೈಪ್-2 ಸಕ್ಕರೆ ಕಾಯಿಲೆಯೊಂದಿಗೆ ನೂರಾರು ಜೀನ್ ವ್ಯತ್ಯಾಸಗಳಿಗೆ ನಂಟಿದೆ. ಒಂದೊಂದರ ಪ್ರಭಾವ ಅತ್ಯಲ್ಪ. ಅವೆಲ್ಲ ಸೇರಿ ಒಬ್ಬರ ಗಡಿಯನ್ನು ಕೆಳಗೆ ತರುತ್ತವೆ, ಇನ್ನೊಬ್ಬರದನ್ನು ಮೇಲೆ ಇಡುತ್ತವೆ. ಹಾಗಾಗಿ ಒಂದೇ ಊಟ, ಒಂದೇ ತೂಕವಿದ್ದರೂ ಒಬ್ಬರಿಗೆ 35ಕ್ಕೆ ಬರುವ ಕಾಯಿಲೆ ಇನ್ನೊಬ್ಬರಿಗೆ 65ಕ್ಕೆ ಬರಬಹುದು, ಬಾರದೆಯೂ ಇರಬಹುದು.

ಜೀನ್ ಅಲ್ಲದೆ ಗರ್ಭದ ವಾತಾವರಣವೂ ಸೇರುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಸಾಕ್ಷ್ಯವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಶಿಶುಗಳ ತೂಕ-ಉದ್ದದ ದಾಖಲೆ ಇಟ್ಟಿತ್ತು. ಆ ಶಿಶುಗಳು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ.11 ಮಂದಿಗೆ ಹೃದ್ರೋಗ ಕಂಡುಬಂತು. ಮೂರು ಕಿಲೋಗಿಂತ ತುಸು ಹೆಚ್ಚಿನ ತೂಕದಲ್ಲಿ ಹುಟ್ಟಿದವರಲ್ಲಿ ಅದು ಶೇ.3 ಮಾತ್ರ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ, ಭಾರತದ ಶಿಶುಗಳು ತೂಕದಲ್ಲಿ ಕಡಿಮೆ ಇದ್ದರೂ ಕೊಬ್ಬಿನಲ್ಲಿ ಕಡಿಮೆ ಇಲ್ಲ ಎಂಬುದನ್ನು ತೋರಿಸಿತು. ಸಣಕಲಾಗಿ ಕಾಣುವ ಭಾರತೀಯರಿಗೂ ಸಕ್ಕರೆ ಕಾಯಿಲೆ ಏಕೆ ಬೇಗ ಬರುತ್ತದೆ ಎಂಬುದಕ್ಕೆ ಇದೊಂದು ವಿವರಣೆ. ಗರ್ಭಿಣಿಯ ಆರೈಕೆಯೂ ಮುಂದಿನ ಪೀಳಿಗೆಯ ಹೃದಯದ ಆರೈಕೆ ಎಂಬುದು ಇದರಿಂದ ಸ್ಪಷ್ಟ.

'ವಂಶದಲ್ಲೇ ಇದೆ' ಎನ್ನುವವರು ತಿಳಿಯಬೇಕಾದ ಇನ್ನೊಂದು ಸಂಗತಿ ಚೆನ್ನೈನಿಂದ ಬಂದಿದೆ. ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಏನನ್ನೂ ಬದಲಿಸದ ಗುಂಪಿನಲ್ಲಿ ಮೂರು ವರ್ಷದೊಳಗೆ ಶೇ.55 ಮಂದಿಗೆ ಕಾಯಿಲೆ ಬಂದರೆ, ಆಹಾರ ಬದಲಿಸಿ ನಡಿಗೆ ಹೆಚ್ಚಿಸಿದವರಲ್ಲಿ ಅದು ಶೇ.39ಕ್ಕೆ ಇಳಿಯಿತು. ಅವರ ಜೀನ್ ಬದಲಾಗಲಿಲ್ಲ, ಕಾಯಿಲೆ ಬರುವ ಪ್ರಮಾಣ ಬದಲಾಯಿತು.

ಸಾಮಾನ್ಯ ಕಾಯಿಲೆಗಳ ನಡುವೆಯೂ ಒಂದೇ ಜೀನ್ ಜೋರಾಗಿ ಕೆಲಸ ಮಾಡುವ ಕೆಲವು ಕುಟುಂಬಗಳಿವೆ. ಸ್ತನ ಕ್ಯಾನ್ಸರ್‌ನಲ್ಲಿ ಶೇ.5ರಿಂದ 10 ಮಾತ್ರ ನೇರವಾಗಿ ವಂಶದಿಂದ ಬರುವಂಥದ್ದು. ಅಂಥ ಮನೆಗಳಲ್ಲಿ ಬಿಆರ್‌ಸಿಎ-1 ಅಥವಾ ಬಿಆರ್‌ಸಿಎ-2 ಜೀನ್ ದೋಷವಿದ್ದ ಮಹಿಳೆಗೆ ಜೀವಿತಾವಧಿಯಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ.70ರ ಆಸುಪಾಸು. ಈ ದೋಷ ತಂದೆಯಿಂದಲೂ ಬರಬಹುದು. ಆದ್ದರಿಂದ ಸೋದರತ್ತೆಯ ಕಾಯಿಲೆಯನ್ನೂ ವೈದ್ಯರಿಗೆ ಹೇಳಬೇಕು.

ಹಂದಿಗೋಡು: ಆಹಾರವೋ, ವಂಶವೋ?

ಒಂದೇ ಊರಿನಲ್ಲಿ ಹಲವರಿಗೆ ಕಾಯಿಲೆ ಬಂದಾಗ ಕಾರಣ ನೀರು-ಆಹಾರವೋ, ವಂಶವೋ ಎಂದು ಹೇಳುವುದು ಸುಲಭವಲ್ಲ. 1970ರ ದಶಕದ ಮಧ್ಯದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಗಳ ಕೀಲು ಸವೆದು ನಡೆಯಲಾಗದ ಸ್ಥಿತಿಗೆ ತರುವ ಕಾಯಿಲೆ ಬೆಳಕಿಗೆ ಬಂತು. ಬಳಲಿದವರಲ್ಲಿ ಹೆಚ್ಚಿನವರು ಕೃಷಿ ಕೂಲಿಯ ಬಡ ಕುಟುಂಬದವರು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವೆಂಬ ಶಂಕೆ ಮೊದಲು ಹುಟ್ಟಿತು. ನಂತರ ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಸಂಶೋಧಕರು ಕುಟುಂಬಗಳ ವಂಶಾವಳಿ ಪರಿಶೀಲಿಸಿದಾಗ ಹೆತ್ತವರಲ್ಲಿ ಒಬ್ಬರಿಂದ ಮಕ್ಕಳಿಗೆ ದಾಟುವ ಮಾದರಿ ಕಂಡಿತು. ವೈದ್ಯ ಸಾಹಿತ್ಯದಲ್ಲಿ ಇದು ಹಂದಿಗೋಡು ಸಿಂಡ್ರೋಮ್ ಎಂದೇ ದಾಖಲಾಗಿದೆ. ವಂಶಾವಳಿ ಬರೆದು ನೋಡುವುದು ಎಷ್ಟು ಮುಖ್ಯ ಎಂಬುದಕ್ಕೆ ಇದು ಮಲೆನಾಡಿನ ಉದಾಹರಣೆ.

ಯಾವಾಗ, ಯಾವ ಪರೀಕ್ಷೆ?

* ಮದುವೆ ಅಥವಾ ಗರ್ಭಧಾರಣೆಗೆ ಮುನ್ನ: ಥಲಸ್ಸೇಮಿಯಾ, ಸಿಕಲ್ ಸೆಲ್ ವಾಹಕ ಪರೀಕ್ಷೆ.
* ಗರ್ಭದ 10 ವಾರದ ನಂತರ: ತಾಯಿಯ ರಕ್ತದಿಂದಲೇ ಮಗುವಿನ ವರ್ಣತಂತು ದೋಷದ ಸಾಧ್ಯತೆ ಹೇಳುವ ಎನ್‌ಐಪಿಟಿ. ದುಬಾರಿ, ಆದರೆ ಡೌನ್ ಸಿಂಡ್ರೋಮ್ ವಿಷಯದಲ್ಲಿ ಹೆಚ್ಚು ನಿಖರ.
* 11ರಿಂದ 13 ವಾರ: ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತ ಪರೀಕ್ಷೆ.
* 18ರಿಂದ 20 ವಾರ: ಅಂಗಾಂಗಗಳ ವಿವರ ನೋಡುವ ಅನಾಮಲಿ ಸ್ಕ್ಯಾನ್.

ಡಬಲ್ ಮಾರ್ಕರ್, ಎನ್‌ಐಪಿಟಿ ಎರಡೂ ಸಾಧ್ಯತೆಯನ್ನಷ್ಟೇ ಹೇಳುತ್ತವೆ. 'ಹೈ ರಿಸ್ಕ್' ಎಂದು ಬಂದ ಕೂಡಲೇ ಮಗುವಿಗೆ ದೋಷವಿದೆ ಎಂದಲ್ಲ. 100ರಲ್ಲಿ 1 ಎಂದು ಬಂದರೂ ಅದು ಹೈ ರಿಸ್ಕ್ ಪಟ್ಟಿಗೇ ಸೇರುತ್ತದೆ. ಖಚಿತಪಡಿಸಲು ಮಾಸುವಿನ ತುಣುಕು ತೆಗೆಯುವ ಸಿವಿಎಸ್ ಅಥವಾ 15 ವಾರ ಕಳೆದ ಮೇಲೆ ಗರ್ಭದ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್ ಬೇಕು. ಇವುಗಳಿಂದ ಗರ್ಭಪಾತವಾಗುವ ಅಪಾಯ ಇದೆ, ಆದರೆ ನುರಿತವರ ಕೈಯಲ್ಲಿ ಬಹಳ ಕಡಿಮೆ. ಖಚಿತ ವರದಿ ಇಲ್ಲದೆ ಗರ್ಭದ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು.

ಇಂಥ ಪರೀಕ್ಷೆಗೆ ಕಾನೂನಿನ ಅನುಮತಿ ಇದೆ. ಆದರೆ ಮಗು ಹೆಣ್ಣೋ ಗಂಡೋ ಎಂದು ತಿಳಿಸುವುದು 1994ರ ಕಾಯ್ದೆಯಂತೆ ಅಪರಾಧ. ಭ್ರೂಣದಲ್ಲಿ ಗಂಭೀರ ದೋಷ ದೃಢಪಟ್ಟು 24 ವಾರ ಮೀರಿದ್ದರೆ, 2021ರ ತಿದ್ದುಪಡಿಯಂತೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯೊಂದಿಗೆ ಗರ್ಭಪಾತಕ್ಕೆ ಅವಕಾಶವಿದೆ. ಮುಂದುವರಿಸುವುದೋ ಬೇಡವೋ ಎಂಬ ತೀರ್ಮಾನ ಗರ್ಭಿಣಿಯದ್ದೇ. ಕಾನೂನಿನ ಪ್ರಕಾರ ಬೇಕಾಗುವುದು ಆಕೆಯ ಒಪ್ಪಿಗೆ.

ಆನ್‌ಲೈನ್‌ನಲ್ಲಿ ಮಾರುವ 'ಎಂಜಲು ಕಳಿಸಿ, ಮುಂದೆ ಬರುವ ಕಾಯಿಲೆ ತಿಳಿಯಿರಿ' ಕಿಟ್‌ಗಳ ಬಗ್ಗೆ ಎಚ್ಚರವಿರಲಿ. ಸಂಕೀರ್ಣ ಕಾಯಿಲೆಗಳ ಜೀನ್ ಅಂಕಗಳು ಹೆಚ್ಚಾಗಿ ಯುರೋಪಿಯನ್ ಮೂಲದವರ ಮಾಹಿತಿಯ ಮೇಲೆ ನಿಂತಿವೆ, ಭಾರತೀಯರಿಗೆ ಅಷ್ಟು ಸರಿ ಹೊಂದುವುದಿಲ್ಲ. ಈ ಕೊರತೆ ತುಂಬಲು 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ 10 ಸಾವಿರ ಭಾರತೀಯರ ಪೂರ್ಣ ವಂಶವಾಹಿ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಇದರ ನೇತೃತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ.

ಮನೆಯಲ್ಲೇ ವಂಶಾವಳಿ ಬರೆಯುವುದು ಹೇಗೆ?

ಖರ್ಚಿಲ್ಲದ, ಬಹಳ ಉಪಯುಕ್ತ ಪರೀಕ್ಷೆ ಇದೇ. ಊರು ಬಿಟ್ಟು ಮುಂಬೈ, ದೆಹಲಿ, ಹೈದರಾಬಾದ್‌ನಲ್ಲಿ ನೆಲೆಸಿದವರಿಗೆ ಅಜ್ಜ-ಅಜ್ಜಿಯರ ಕಾಯಿಲೆಯ ವಿವರ ಗೊತ್ತಿರುವುದು ಕಡಿಮೆ. ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ ಹಿರಿಯರನ್ನು ಕೇಳಿ ಮೂರು ತಲೆಮಾರಿನ ವಿವರ ಬರೆದಿಡಬೇಕು. ತಂದೆಯ ಕಡೆ, ತಾಯಿಯ ಕಡೆ ಎರಡೂ ಬೇಕು. ಯಾವ ಕಾಯಿಲೆ, ಎಷ್ಟನೇ ವಯಸ್ಸಿಗೆ, ಸಂಬಂಧದಲ್ಲಿ ಮದುವೆ ಆಗಿದೆಯೇ ಎಂಬುದನ್ನೂ ಸೇರಿಸಬೇಕು.

ಕೆಳಗಿನವು ಕಂಡರೆ ವೈದ್ಯರಿಗೆ ತೋರಿಸಿ:

* 55ಕ್ಕಿಂತ ಮುಂಚೆ ಗಂಡಸಿಗೆ, 65ಕ್ಕಿಂತ ಮುಂಚೆ ಹೆಂಗಸಿಗೆ ಹೃದಯಾಘಾತ
* 50 ದಾಟುವ ಮೊದಲೇ ಸ್ತನ ಕ್ಯಾನ್ಸರ್, ಅಥವಾ ಒಂದೇ ಕಡೆಯ ಹಲವರಿಗೆ ಕ್ಯಾನ್ಸರ್
* ಪದೇ ಪದೇ ಗರ್ಭಪಾತ, ಕಾರಣ ತಿಳಿಯದ ಶಿಶುಮರಣ
* ಒಬ್ಬರಿಗಿಂತ ಹೆಚ್ಚು ಮಂದಿಗೆ ಹುಟ್ಟು ಕಿವುಡುತನ, ಬುದ್ಧಿ ಬೆಳವಣಿಗೆಯ ತೊಂದರೆ, ಸ್ನಾಯು ದೌರ್ಬಲ್ಯ

ಸಲಹೆ ಎಲ್ಲಿ ಸಿಗುತ್ತದೆ?

ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು, ದೆಹಲಿಯ ಏಮ್ಸ್, ಹೈದರಾಬಾದ್‌ನ ನಿಮ್ಸ್, ವೆಲ್ಲೂರಿನ ಸಿಎಂಸಿಯಲ್ಲಿ ವಂಶವಾಹಿ ತಜ್ಞರ ಸೇವೆ ಇದೆ. ಮುಂಬೈನ ಪರೇಲ್‌ನಲ್ಲಿ ಕೆಇಎಂ ಆಸ್ಪತ್ರೆ ಆವರಣದ ಐಸಿಎಂಆರ್ ಸಂಸ್ಥೆ ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾದಂಥ ರಕ್ತದ ಕಾಯಿಲೆಗಳ ಪರೀಕ್ಷೆಗೆ ಹೆಸರಾಗಿದೆ. ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಇರುವವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಗುರುತಿಸಲಾದ ಅಪರೂಪದ ಕಾಯಿಲೆಗಳ ಚಿಕಿತ್ಸೆಗೆ ನಿಗದಿತ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ಕೇಂದ್ರದ ನೆರವಿದೆ.

ತಜ್ಞರ ಬಳಿ ಹೋಗುವಾಗ ಮಗುವಿನ ಹಾಗೂ ಹೆತ್ತವರ ಹಳೆಯ ವರದಿಗಳು, ಸ್ಕ್ಯಾನ್ ಚಿತ್ರಗಳು, ಮನೆಯಲ್ಲಿ ಬರೆದ ವಂಶಾವಳಿ ಜೊತೆಗಿರಲಿ. ಗಂಡ-ಹೆಂಡತಿ ಇಬ್ಬರೂ ಹೋಗಬೇಕು. 'ಯಾರ ಕಡೆಯಿಂದ ಬಂತು?' ಎಂಬ ಪ್ರಶ್ನೆಗಿಂತ 'ಇದು ಮೂರರಲ್ಲಿ ಯಾವ ಬಗೆಯದು, ಮುಂದೆ ನಾವೇನು ಮಾಡಬಹುದು?' ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.